ಕುತ್ತಿಗೆ ಉಳುಕಿದರೆ ನೆಟಿಗೆ ಮುರಿಸಬೇಡಿ

ಹಳಿಯಾಳವೆಂದರೆ ಕುಸ್ತಿ. ಗರಡಿಮನೆಯ ಕೆಮ್ಮಣ್ಣಿನಿಂದ ಹಿಡಿದು ಕ್ರೀಡಾ ವಸತಿನಿಲಯದ ಮ್ಯಾಟಿನವರೆಗೆ ಅಲ್ಲಿಯ ಹುಡುಗ ಹುಡುಗಿಯರು ಪಟ್ಟು ಕಲಿಯುತ್ತಾರೆ. ಎದುರಾಳಿ ಕೆಡವಿದಾಗ ಬೆನ್ನು ನೆಲಕ್ಕೆ ತಾಗದಂತೆ ತಲೆಯೂರಿ ಕಮಾನಿನ ಹಾಗೆ ಬಾಗುವುದು ಈ ವಿದ್ಯೆಯ ಮೊದಮೊದಲ ಪಾಠಗಳಲ್ಲೊಂದು. ಆಗ ಮೈಭಾರದ ಬಹುಪಾಲು ಬೀಳುವುದು ಕುತ್ತಿಗೆಯ ಮೇಲೆ. ಹಾಗೆಂದು ಕುತ್ತಿಗೆ ಉಳುಕಲು ಕುಸ್ತಿಯೇ ಆಗಬೇಕೆಂದಿಲ್ಲ. ಜೋಯಿಡಾದ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತರೂ ಸಾಕು, ದಾಂಡೇಲಿಯಲ್ಲಿ ಬೈಕಿಗೆ ಹಿಂದಿನಿಂದ ಯಾರಾದರೂ ಗುದ್ದಿದರೂ ಸಾಕು.

ಕುತ್ತಿಗೆಯಲ್ಲಿರುವುದು 7 ಮಣಿಗಳು. ಅವನ್ನು ಒಂದಕ್ಕೊಂದು ಬಿಗಿದಿಟ್ಟಿರುವ ನಾರಿನಂಥ ಪಟ್ಟಿಗಳೇ ಅಸ್ಥಿರಜ್ಜುಗಳು. ವೈದ್ಯರು ಲಿಗಮೆಂಟ್ ಎನ್ನುತ್ತಾರೆ. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೊ. ಅಷ್ಟು ಭಾರ ಒಮ್ಮೆಲೇ ಹಿಂದಕ್ಕೋ ಮುಂದಕ್ಕೋ ಜಗ್ಗಿದರೆ ಈ ನಾರಿನ ಎಳೆಗಳು ಹಿಗ್ಗುತ್ತವೆ, ಕೆಲವು ಹರಿಯುತ್ತವೆ. ಉಳುಕು ಎನ್ನುವುದು ಇದನ್ನೇ. ನೋವು ಆ ಕ್ಷಣಕ್ಕೆ ಅಷ್ಟಾಗಿ ಕಾಣದೆ ಮರುದಿನ ಬೆಳಿಗ್ಗೆ ಜೋರಾಗುವುದುಂಟು. ಆದ್ದರಿಂದ ‘ನಿನ್ನೆ ಚೆನ್ನಾಗಿಯೇ ಇದ್ದೆಯಲ್ಲ, ಶಾಲೆ ತಪ್ಪಿಸುವ ನೆವ’ ಎಂದು ಮಕ್ಕಳನ್ನು ಗದರಿಸಬೇಡಿ.

ಕುತ್ತಿಗೆ ಹಿಡಿಯಿತೆಂದರೆ ಕೆಲವು ಮನೆಗಳಲ್ಲಿ ಅಜ್ಜಿ ದಿಂಬನ್ನು ಬಿಸಿಲಿಗೆ ಹಾಕಿಸುತ್ತಾರೆ. ಅದರಿಂದ ಅಪಾಯವೇನಿಲ್ಲ, ದಿಂಬಾದರೂ ಒಣಗುತ್ತದೆ! ಅಪಾಯವಿರುವುದು ಎಣ್ಣೆ ಹಚ್ಚಿ, ಗದ್ದ ಹಿಡಿದು, ಲಟಕ್ಕೆಂದು ಕುತ್ತಿಗೆ ತಿರುಗಿಸುವವರ ಕೈಯಲ್ಲಿ. ಹರಿದ ಎಳೆ ಇನ್ನಷ್ಟು ಹರಿಯಬಹುದು. ಮಣಿಗಳ ಪಕ್ಕದಲ್ಲಿಯೇ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ, ನಡುವೆ ಬೆನ್ನುಹುರಿ ಇದೆ. ಅಪರೂಪಕ್ಕೆ ಆ ನಾಳ ಸೀಳಿ ಪಾರ್ಶ್ವವಾಯು ಬಡಿದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ.

ಹಾಗಾದರೆ ಆಸ್ಪತ್ರೆಗೆ ಯಾವಾಗ ಓಡಬೇಕು? ಕೈಕಾಲು ಜೋಮು ಹಿಡಿದರೆ ಅಥವಾ ಬಲ ಕಳೆದುಕೊಂಡರೆ, ಎಚ್ಚರ ತಪ್ಪಿದ್ದರೆ, ಮೂತ್ರದ ಹಿಡಿತ ಹೋದರೆ, ಕುತ್ತಿಗೆಯ ನಡುಮೂಳೆಯನ್ನು ಮುಟ್ಟಿದರೆ ನೋವಾದರೆ, ತಲೆಯನ್ನು ಎಡಕ್ಕೂ ಬಲಕ್ಕೂ ಅರ್ಧದಷ್ಟಾದರೂ ತಾನಾಗಿ ತಿರುಗಿಸಲಾಗದಿದ್ದರೆ. ಮುಂಡಗೋಡದ ಕಡೆ ಕೆರೆಗೆ ತಲೆಕೆಳಗಾಗಿ ಧುಮುಕಿ ನೆತ್ತಿಗೆ ಪೆಟ್ಟು ತಿಂದ ಹುಡುಗನಿಗೆ ಇವು ಯಾವುವೂ ಕಾಣದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಅಖಾಡದಲ್ಲಿ ಬಿದ್ದವನನ್ನು ತೋಳು ಹಿಡಿದೆತ್ತಿ ‘ನಡೆದಾಡು, ಸರಿಹೋಗುತ್ತದೆ’ ಎನ್ನುವ ಹುಮ್ಮಸ್ಸು ಬೇಡ. ಬಿದ್ದಲ್ಲೇ ಮಲಗಿಸಿ, ತಲೆ ಅಲುಗದಂತೆ ಎರಡು ಕೈಯಿಂದ ಹಿಡಿದು 108ಕ್ಕೆ ಫೋನ್ ಮಾಡಬೇಕು. ಎಕ್ಸ್‌ರೇ ತೋರಿಸುವುದು ಮೂಳೆಯನ್ನು, ಅಸ್ಥಿರಜ್ಜುವನ್ನಲ್ಲ. ಅದು ಸರಿಯಿದ್ದೂ ಜೋಮು ಉಳಿದರೆ ಎಂ.ಆರ್.ಐ. ಬೇಕಾಗುತ್ತದೆ. ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಲು ಹೇಳಿದರೆ ನಾಳೆಗೆ ಮುಂದೂಡಬೇಡಿ. ಚಿಕ್ಕ ಮಕ್ಕಳಲ್ಲಿ ಎಕ್ಸ್‌ರೇ ಸರಿಯಿದ್ದೂ ಬೆನ್ನುಹುರಿಗೆ ಪೆಟ್ಟಾಗಿರಬಹುದು.

ಪುಣ್ಯಕ್ಕೆ ಹೆಚ್ಚಿನ ಉಳುಕುಗಳು ಇಷ್ಟು ದೂರ ಹೋಗುವುದಿಲ್ಲ. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಇಡಿ, ಆಮೇಲೆ ಬಿಸಿನೀರಿನ ಶಾಖ ಹಿತ. ನೋವಿಗೆ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ತೂಕ ನೋಡಿ ಕೊಡಬೇಕು, ಆಸ್ಪಿರಿನ್ ಕೊಡಲೇಬಾರದು. ಅಂಗಡಿಯಿಂದ ಪಟ್ಟಿ ತಂದು ವಾರಗಟ್ಟಲೆ ಕುತ್ತಿಗೆಗೆ ಕಟ್ಟಿಕೊಂಡರೆ ಸ್ನಾಯುಗಳು ಸೊರಗಿ ನೋವು ಇನ್ನಷ್ಟು ಕಾಲ ಉಳಿಯುತ್ತದೆ. ನೋವು ಸಹಿಸುವಷ್ಟು ಮಟ್ಟಿಗೆ ತಲೆಯನ್ನು ಮೆಲ್ಲಗೆ ತಿರುಗಿಸುತ್ತಿರುವುದೇ ನಿಜವಾದ ಮದ್ದು. ಶಾಲೆಗೆ ಹೋಗಲಿ, ಪುಸ್ತಕದ ಚೀಲವನ್ನು ಗೆಳೆಯ ಹೊರಲಿ. ಸೌದೆಯ ಹೊರೆ ತಲೆಗೇರಿಸುವುದು ಸದ್ಯಕ್ಕೆ ಬೇಡ.

ಸಣ್ಣ ಉಳುಕು ಒಂದೆರಡು ವಾರದಲ್ಲಿ ಮಾಯುತ್ತದೆ, ಎಳೆ ಹರಿದಿದ್ದರೆ ಆರು ವಾರ ಅಥವಾ ಇನ್ನೂ ಹೆಚ್ಚು ದಿನ ಹಿಡಿಯಬಹುದು. ಕುಸ್ತಿಗೆ ಮರಳುವ ಹುಡುಗರಿಗೆ ದಿನದ ಲೆಕ್ಕಕ್ಕಿಂತ ಕುತ್ತಿಗೆಯ ಲೆಕ್ಕ ಮುಖ್ಯ. ಎಲ್ಲ ದಿಕ್ಕಿಗೂ ನೋವಿಲ್ಲದೆ ತಿರುಗಬೇಕು. ಗೆಳೆಯ ಅಂಗೈಯಿಂದ ಹಣೆಯನ್ನು ಒತ್ತಿದಾಗ ಎದುರು ಒತ್ತುವ ಬಲ ಮೊದಲಿನಷ್ಟಿರಬೇಕು. ಅಲ್ಲಿಯವರೆಗೆ ಓಟ, ದಂಡ, ಬೈಠಕ್ ನಡೆಯಲಿ. ತಲೆಯೂರುವ ಕಮಾನನ್ನು ವಸ್ತಾದರು ಕಟ್ಟಕಡೆಗೆ ಮಾಡಿಸಲಿ, ಅದೂ ಮೊದಮೊದಲು ಕೈಯೂರಿಸಿ.