ಮೆದುಮರವನ್ನು ಹೊರಗಿಡಬೇಕೆ?

ವಿಜಯನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಹೊಸ ಮನೆಗೆ ತಾರಸಿ ಹಾಕುವಾಗ ವಾಚಕರು ಕ್ಷಣಕಾಲ ನಿಂತು ನೋಡಬೇಕು. ಹಸಿ ಕಾಂಕ್ರೀಟು ಬಲಿಯುವ ತನಕ ಅದನ್ನು ಹೊತ್ತು ನಿಲ್ಲುವುವು ಅನೇಕ ಕಡೆ ಇಂದಿಗೂ ನೆಡುತೋಪಿನ ನೀಲಗಿರಿ, ಸರ್ವೆ ಕಂಬಗಳೇ. ನಾಲ್ಕಂಗುಲ ದಪ್ಪದ ತಾರಸಿಯ ಒಂದು ಚದರ ಮೀಟರು ಸುಮಾರು 250 ಕಿಲೋಗ್ರಾಂ ತೂಗುತ್ತದೆ. ಈ ಹೊರೆಯನ್ನು ಹೊತ್ತ ಮರಕ್ಕೆ, ಮನೆ ಮುಗಿದೊಡನೆ ಒಳಗೆ ಸ್ಥಳವಿಲ್ಲ!

ತೇಗ, ಮತ್ತಿ, ಹೊನ್ನೆಗಳಲ್ಲದ ಮರ ಮನೆಗೆ ಆಗದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ತೇಗದ ದಿಮ್ಮಿಗಳನ್ನು ಹೊರದೇಶಗಳಿಂದ ತರಿಸುತ್ತೇವೆ. ಕೊಡಗು, ಚಿಕ್ಕಮಗಳೂರಿನ ಕಾಫಿತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್ ಮರವನ್ನು ಮಾತ್ರ ಪೆಟ್ಟಿಗೆಗೂ ಪ್ಲೈವುಡ್ಡಿಗೂ ಸಾಕೆನ್ನುತ್ತೇವೆ. ಈ ತಿರಸ್ಕಾರವನ್ನು ಭೌತಶಾಸ್ತ್ರ ಒಪ್ಪದು.

ತೊಲೆಯ ಬಲವು ಅದರ ಎತ್ತರದ ವರ್ಗಕ್ಕೂ, ಬಾಗದೆ ನಿಲ್ಲುವ ಗುಣವು ಎತ್ತರದ ಘನಕ್ಕೂ ಅನುಪಾತದಲ್ಲಿರುತ್ತವೆ. ಎರಡರಲ್ಲಿಯೂ ತೇಗದ ಅರ್ಧದಷ್ಟೇ ಇರುವ ಮರವೊಂದನ್ನು ಊಹಿಸಿಕೊಳ್ಳೋಣ. ಅಗಲ ಅಷ್ಟೇ ಇದ್ದರೆ, ಎತ್ತರವನ್ನು 1.42 ಪಟ್ಟು ಮಾಡಿದರೆ ಸಾಕು, ಇಮ್ಮಡಿಸಬೇಕಾಗಿಲ್ಲ.

ಹಾಗಾದರೆ ಅಪಾಯವೇ ಇಲ್ಲವೆ? ಇದೆ. ಬೇಗ ಬೆಳೆದ ಮರದ ನಿಜವಾದ ದೋಷ ಅದರ ಮೆದುತನಕ್ಕಿಂತ ಹೆಚ್ಚಾಗಿ ಅದರ ಅಸಮತೆ. ಗಂಟು, ಓರೆ ಎಳೆ, ಎಳೆಯ ತಿರುಳು ಇವುಗಳಿಂದ ಒಂದೇ ದಿಮ್ಮಿಯ ಎರಡು ಹಲಗೆಗಳ ಬಲ ಬೇರೆಬೇರೆಯಾಗುತ್ತದೆ. ಆದುದರಿಂದ ಪ್ರತಿಯೊಂದು ಹಲಗೆಯನ್ನೂ ಪರೀಕ್ಷಿಸಿ ದರ್ಜೆ ಗೊತ್ತುಮಾಡಬೇಕು. ಅಲ್ಪ ಭಾರವಿಟ್ಟು ಬಾಗನ್ನು ಅಳೆಯುವುದು ಇದಕ್ಕೊಂದು ಸರಳ ಮಾರ್ಗ. ಹೆಚ್ಚು ಬಾಗುವ ಹಲಗೆ ಸಾಮಾನ್ಯವಾಗಿ ಬಲದಲ್ಲಿಯೂ ಕಡಮೆ. ಒಳ್ಳೆಯ ಹಲಗೆಗಳನ್ನು ಗಂಟಿನ ಮೇಲೆ ಗಂಟು ಬಾರದಂತೆ ಅಂಟಿಸಿ ತೊಲೆ ಮಾಡಿದರೆ ಈ ಅಸಮತೆ ಬಹುಮಟ್ಟಿಗೆ ಅಡಗುತ್ತದೆ.

ಗೆದ್ದಲಿಗೂ ಉಪಾಯವುಂಟು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಮರಕ್ಕೆ ಊಡುವ ವಿಧಾನವನ್ನು 1933ರಲ್ಲಿ ರೂಪಿಸಿದವರು ಭಾರತೀಯರೇ ಆದ ಸೊಂಟಿ ಕಾಮೇಶಂ. ಆರ್ಸೆನಿಕ್ ವಿಷವಾದುದರಿಂದ ವಾಸದ ಮನೆಯೊಳಗೆ ಬೋರಾನ್ ಲವಣಗಳು ಮೇಲು. ಆದರೆ ಅವು ಮಳೆಗೆ ತೊಳೆದುಹೋಗುತ್ತವೆ, ಮರ ಸೂರಿನಡಿಯಲ್ಲಿ ಒಣಗಿಯೇ ಇರಬೇಕು.

ಪರೀಕ್ಷಿಸದ ಮರವನ್ನು ಅಗ್ಗವೆಂದು ಮಾಡಿಗೆ ಏರಿಸುವುದನ್ನು ನಾವು ಖಂಡಿತ ಒಪ್ಪುವುದಿಲ್ಲ. ಅದು ಕೆಳಗೆ ಮಲಗುವವರ ಪ್ರಾಣದೊಡನೆ ಆಟ. ರಾಜಾಜಿನಗರದ ನೆರೆಯ ಮಲ್ಲೇಶ್ವರದಲ್ಲಿಯೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಅಲ್ಲಿಯ ವಿದ್ಯೆ ಬಡಗಿಯ ಕೊಟ್ಟಿಗೆಗೂ ಮರದ ಅಡಿತಿಗೂ ಇಳಿದು ಬರಬೇಕು. ಮರದ ಕುಲವನ್ನು ಕೇಳುವ ಮೊದಲು ಅದರ ದರ್ಜೆಯನ್ನು ಕೇಳುವ ಅಭ್ಯಾಸ ನಮ್ಮ ತರುಣರಿಂದಲೇ ಆರಂಭವಾಗಲಿ.