ಕಪಾಟು ಬರಿದಾದರೆ ಪರಿಗ್ರಹ ಕಳೆಯಿತೆ?

ಭಾದ್ರಪದ ಮಾಸದ ದಶಲಕ್ಷಣ ಪರ್ವ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಶುದ್ಧಿಕಾರ್ಯ ಆರಂಭವಾಗುತ್ತದೆ. ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಉಟ್ಟು ಬೇಸರವಾದ ಸೀರೆಗಳು, ಮದುವೆಗಳಲ್ಲಿ ಉಡುಗೊರೆಯಾಗಿ ಬಂದ ಸ್ಟೀಲ್ ಡಬ್ಬಿಗಳು, ನಿಂತುಹೋದ ಗೋಡೆಗಡಿಯಾರಗಳು ಪಡಸಾಲೆಯಲ್ಲಿ ರಾಶಿ ಬೀಳುತ್ತವೆ. ಮನೆಯೂ ಮನಸ್ಸೂ ಹಗುರಾದವೆಂದು ನಾವು ಸಮಾಧಾನಪಡುತ್ತೇವೆ. ದೀಪಾವಳಿಯ ವೇಳೆಗೆ ಅದೇ ಕಪಾಟು ಮತ್ತೆ ತುಂಬಿರುತ್ತದೆ. ಈ ವಾರ್ಷಿಕ ವಿಧಿಯನ್ನು ತ್ಯಾಗವೆಂದು ಕರೆದುಕೊಳ್ಳುವುದು ಆತ್ಮವಂಚನೆಯೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಮನೆಯನ್ನು ಓರಣಗೊಳಿಸಿ ಮನಶ್ಶಾಂತಿ ಪಡೆಯುವ ವಿದ್ಯೆ ಇಂದು ಲೋಕಪ್ರಿಯವಾಗಿದೆ. ಜಪಾನಿನ ಮರೀ ಕೊಂಡೊ ಅವರು ಈ ವಿಷಯವಾಗಿ ಬರೆದ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ಹಲವು ದೇಶಗಳಲ್ಲಿ ಮನ್ನಣೆ ಗಳಿಸಿತು. ವಸ್ತುವನ್ನು ಕೈಗೆತ್ತಿಕೊಂಡಾಗ ಹರ್ಷವಾದರೆ ಉಳಿಸಿಕೊಳ್ಳಿ, ಆಗದಿದ್ದರೆ ಬಿಟ್ಟುಬಿಡಿ ಎಂಬುದು ಅವರ ಉಪದೇಶದ ಸಾರ. ಓರಣವಾದ ಮನೆ ನೆಮ್ಮದಿ ನೀಡುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಸ್ತುವಿನಿಂದ ಹುಟ್ಟುವ ಹರ್ಷವನ್ನೇ ನಮ್ಮ ಆಚಾರ್ಯರು ರಾಗವೆಂದರು. ರಾಗವೇ ಬಂಧನಕ್ಕೆ ಮೂಲವೆಂದರು. ಆ ರಾಗವನ್ನೇ ತೀರ್ಪುಗಾರನ ಪೀಠದಲ್ಲಿ ಕೂರಿಸುವುದು ಕಳ್ಳನ ಕೈಗೆ ಕೀಲಿಕೈ ಕೊಟ್ಟಂತೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮತ್ವ, ಎಂದು ನಿರೂಪಿಸಿದ್ದಾರೆ. ಇದನ್ನೇ ಹಿಡಿದು, ಮಮತೆಯಿಲ್ಲದಿದ್ದರೆ ವಸ್ತುಗಳು ಎಷ್ಟಿದ್ದರೇನು ಎಂದು ವಾದಿಸುವವರುಂಟು. ಮಮತೆಯಿಲ್ಲದವರು ಅವನ್ನು ಕೊಂಡುದೇಕೆ? ಬೀಗ ಹಾಕಿ ಕಾಯುವುದೇಕೆ? ಗೃಹಸ್ಥನ ಈ ದೌರ್ಬಲ್ಯವನ್ನು ಅರಿತೇ ಅಣುವ್ರತದಲ್ಲಿ ಅಳತೆಯನ್ನು ವಿಧಿಸಲಾಗಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿ, ಅತಿಸಂಗ್ರಹವನ್ನು ಅದರ ಐದು ಅತಿಚಾರಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಹೊಲಮನೆ, ಬೆಳ್ಳಿಬಂಗಾರಗಳಿಗೆ ಮಾತ್ರವಲ್ಲದೆ ಉಡುವ ಬಟ್ಟೆಗೂ ಈ ಮಿತಿ ಅನ್ವಯಿಸುತ್ತದೆ. ಮೊದಲು ಇಚ್ಛೆಗೆ ಎಲ್ಲೆ ಕಟ್ಟಬೇಕು. ಸಂವರವಿಲ್ಲದೆ ನಿರ್ಜರೆಗೆ ಹೊರಟವನು ತೂತು ಮುಚ್ಚದೆ ದೋಣಿಯ ನೀರನ್ನು ಮೊಗೆಯುವವನಂತೆ.

ಅತಿಸಂಗ್ರಹದಿಂದ ಅಹಿಂಸೆಗೂ ಧಕ್ಕೆಯುಂಟು. ವರ್ಷಗಟ್ಟಲೆ ಮುಟ್ಟದ ಕಾಗದದ ಕಟ್ಟುಗಳಲ್ಲಿ, ಹಳೆಯ ಹಾಸಿಗೆಗಳಲ್ಲಿ ಗೆದ್ದಲು, ಜಿರಲೆ, ನುಸಿಗಳು ಮನೆಮಾಡುತ್ತವೆ. ಒಂದು ದಿನ ಅವನ್ನೆಲ್ಲ ಕೊಡವಿ, ಔಷಧ ಸಿಂಪಡಿಸಿ ಅಸಂಖ್ಯ ಜೀವಿಗಳ ಘಾತಕ್ಕೆ ಕಾರಣರಾಗುತ್ತೇವೆ. ನೀರು ಸೋಸಿ ಕುಡಿಯುವ ನಾವು ಅಟ್ಟದ ಮೇಲಿನ ಈ ಹಿಂಸೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಬಸದಿಗಳ ಮಾತು. ಇಲ್ಲಿ ನನ್ನ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇನೆ. ಒಂದು ವರ್ಷ ನಮ್ಮ ಮನೆಯ ಮೂರು ಮೂಟೆ ಹಳೆಯ ಸಾಮಾನನ್ನು ಊರ ಬಸದಿಗೆ ಒಪ್ಪಿಸಿ, ದಾನ ಮಾಡಿದೆನೆಂದು ಬೀಗಿದ್ದೆ. ಪುರೋಹಿತರು ಸಂಕೋಚದಿಂದ ಬೇಡವೆನ್ನಲಿಲ್ಲ. ಮರುವರ್ಷ ಉಗ್ರಾಣದಲ್ಲಿ ಪೂಜಾಪಾತ್ರೆ ಹುಡುಕಲು ಹೋದಾಗ ಆ ಮೂಟೆಗಳು ಕಟ್ಟು ಬಿಚ್ಚದೆ ಹಾಗೆಯೇ ಬಿದ್ದಿದ್ದವು. ಅವುಗಳ ಹಿಂದೆ ಶಾಸ್ತ್ರಗ್ರಂಥಗಳ ಕಪಾಟು ತೆರೆಯಲಾಗದಂತೆ ಸಿಕ್ಕಿಕೊಂಡಿತ್ತು. ನನ್ನ ಮನೆಯ ಭಾರ ಬಸದಿಯ ಭಾರವಾಗಿತ್ತು. ಅದು ದಾನವಲ್ಲ, ವರ್ಗಾವಣೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಬೇಡವಾದುದನ್ನು ಕೊಡುವ ಐದನೆಯ ವಿಧವಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಹೊಸದಾಗಿ ಬರೆಯಿಸಿ ಹಂಚಿದಳು. ತನಗೆ ಬೇಸರವಾದುದನ್ನು ಹಂಚಲಿಲ್ಲ. ಉಪಯೋಗಕ್ಕೆ ಬರುವ ಬಟ್ಟೆಯನ್ನು ಒಗೆದು ಮಡಿಸಿ, ಅಗತ್ಯವುಳ್ಳವರ ಕೈಗೆ ಗೌರವದಿಂದ ಕೊಡುವುದು ಒಳ್ಳೆಯದೇ. ಆದರೆ ಅದನ್ನು ಹೊಸ ಖರೀದಿಗೆ ಪರವಾನಗಿಯೆಂದು ಭಾವಿಸಬಾರದು.

ಆದುದರಿಂದ ಧರ್ಮಬಂಧುಗಳಲ್ಲಿ ನನ್ನ ಬಿನ್ನಹವಿಷ್ಟು. ಈ ಪರ್ವದಲ್ಲಿ ಕಪಾಟು ಖಾಲಿಮಾಡುವ ಮೊದಲು ಒಂದು ಹಾಳೆಯಲ್ಲಿ ಮನೆಯ ಬಟ್ಟೆ, ಪಾತ್ರೆ, ಆಭರಣಗಳಿಗೆ ಸಂಖ್ಯೆಯ ಮಿತಿಯನ್ನು ಬರೆದು, ಕುಟುಂಬದವರೆಲ್ಲರೂ ಜಿನಬಿಂಬದ ಮುಂದೆ ಒಂದು ವರ್ಷದ ಅವಧಿಗೆ ವ್ರತ ಸ್ವೀಕರಿಸಲಿ. ಬಸದಿಗಳ ಆಡಳಿತ ಮಂಡಳಿಗಳು ತಮಗೆ ಬೇಕಾದ ವಸ್ತುಗಳ ಪಟ್ಟಿಯನ್ನು ಫಲಕದಲ್ಲಿ ಪ್ರಕಟಿಸಿ, ಉಳಿದುದನ್ನು ವಿನಯದಿಂದ ನಿರಾಕರಿಸಲಿ. ದಾನಿಗಳು ಮುನಿಸಿಕೊಂಡಾರೆಂಬ ಅಂಜಿಕೆ ಬೇಡ. ಉತ್ತಮ ತ್ಯಾಗದ ಮರುದಿನವೇ ಉತ್ತಮ ಆಕಿಂಚನ್ಯವನ್ನು ಆಚರಿಸುತ್ತೇವೆ. ತ್ಯಾಗ ಮಾಡಿದ ಕೈ ಮರುದಿನ ಅಂಗಡಿಯತ್ತ ಚಾಚದಿದ್ದರೆ ಮಾತ್ರ ಮನೆಯ ನೆಮ್ಮದಿ ಮನಸ್ಸಿನ ನೆಮ್ಮದಿಯಾಗಿ ಉಳಿದೀತು.