ಕಂಬಿ ಬೆಸೆದ ಕೈ ನಮ್ಮದು

ಬೆಂಗಳೂರಿನ ಪೀಣ್ಯ ಎರಡನೇ ಹಂತದ ನನ್ನ ವರ್ಕ್‌ಶಾಪಿಗೆ ಒಬ್ಬ ಹುಡುಗ ಮೊದಲ ಸಲ ಬಂದಾಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಸ್ಕೂಟರಿನ ಹಿಂಬದಿಗೆ ಕಬ್ಬಿಣದ ಕಂಬಿ ಬೆಸೆದಿದ್ದರು. 'ಅಂಕಲ್, ಇದೇ ಥರ ಬಾರ್ ಬೇಕು' ಅಂದ. ಗಾಡಿ ಅವನ ಅಮ್ಮನದು. ಹದಿನಾರೋ ಹದಿನೇಳೋ ಇರಬೇಕು, ನಾನು ವಯಸ್ಸು ಕೇಳಲಿಲ್ಲ. ಯಾಕೆ ಬೇಕು ಅಂತಲೂ ಕೇಳಲಿಲ್ಲ. ವೀಲಿಗೆ, ಅಂದರೆ ಮುಂದಿನ ಚಕ್ರ ಎತ್ತಿ ಒಂದೇ ಗಾಲಿಯ ಮೇಲೆ ಓಡಿಸಲು ಎಂದು ನನಗೆ ಗೊತ್ತಿತ್ತು. ಮುಕ್ಕಾಲಿಂಚಿನ ಪೈಪು ಬಗ್ಗಿಸಿ, ಮೂಲೆಗೆ ಪಟ್ಟಿ ಕೊಟ್ಟು, ನಾಲ್ಕು ಕಡೆ ವೆಲ್ಡ್ ಹೊಡೆದು, ಗ್ರೈಂಡರ್ ಆಡಿಸಿ ಕೊಟ್ಟೆ. 800 ರೂಪಾಯಿ ತೆಗೆದುಕೊಂಡೆ.

ಒಂದು ತಿಂಗಳಾಗುವ ಹೊತ್ತಿಗೆ ಮತ್ತೆ ಬಂದ. ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್. ಬಾರ್ ಸೊಟ್ಟಗಾಗಿದೆ, ನೇರ ಮಾಡಿಕೊಡಿ ಅಂದ. ನಾನು ಕೆಳಗೆ ಕೂತು ನೋಡಿದೆ. ದುಂಡಗಿದ್ದ ಪೈಪಿನ ಕೆಳಭಾಗ ರಸ್ತೆಗೆ ಉಜ್ಜಿ ಉಜ್ಜಿ ಚಪ್ಪಟೆಯಾಗಿ, ಒಂದು ಕಡೆ ತೂತು ಬಿದ್ದು, ತೂತಿನ ಅಂಚು ಬ್ಲೇಡಿನಂತೆ ಹೊಳೆಯುತ್ತಿತ್ತು. ಬೆರಳಿಟ್ಟರೆ ಕೊಯ್ಯುತ್ತಿತ್ತು. ಏನಾಯಿತೋ ಎಂದು ಕೇಳಿದೆ. 'ಏನೂ ಆಗಿಲ್ಲ ಅಂಕಲ್. ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟಿತ್ತು, ಒಬ್ಬರು ಅಕ್ಕ ಅಡ್ಡ ಬಂದರು. ಅವರಿಗೆ ಪೆಟ್ಟಾಗಲಿಲ್ಲ. ಟಿಫಿನ್ ಡಬ್ಬಿ ಮಾತ್ರ ಜಜ್ಜಿಹೋಯಿತು.'

ಆ ಡಬ್ಬಿಯನ್ನು ನಾನು ನೋಡಿಲ್ಲ. ಆದರೂ ಅದು ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಲೇಥ್ ಇಟ್ಟುಕೊಂಡವರೇ, ವೆಲ್ಡಿಂಗ್ ಅಂಗಡಿಯವರೇ, ಗ್ಯಾರೇಜಿನ ಮೇಸ್ತ್ರಿಗಳೇ, ಈ ಮಾತು ನಿಮಗೆ. ಪೇಪರಿನವರು 'ವೀಲಿ ಪುಂಡರು' ಎಂದು ಬರೆಯುತ್ತಾರೆ, ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ, ನಾವು ಚಹಾ ಕುಡಿಯುತ್ತಾ ಈಗಿನ ಹುಡುಗರು ಕೆಟ್ಟರು ಅನ್ನುತ್ತೇವೆ. ಆ ಗಾಡಿಯ ಸೈಲೆನ್ಸರ್ ಕತ್ತರಿಸಿದ್ದು ಯಾರು? ಬೈಕಿನ ಹಿಂದಿನ ಗಾಲಿಗೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಮಾಡಿಕೊಟ್ಟದ್ದು ಯಾರು? ಕನ್ನಡಿ, ಮಡ್‌ಗಾರ್ಡ್, ನಂಬರ್ ಪ್ಲೇಟು ಬಿಚ್ಚಿದ್ದು ಯಾರ ಸ್ಪ್ಯಾನರು? ಹದಿನಾರರ ಹುಡುಗನ ಮನೆಯಲ್ಲಿ ವೆಲ್ಡಿಂಗ್ ಮಷೀನ್ ಇರುವುದಿಲ್ಲ. ಅವನು ಆಲ್ಟರ್ ಮಾಡಿಸಲು ನಮ್ಮ ಹತ್ತಿರವೇ ಬರಬೇಕು.

ನಾವು ಏನು ಮಾಡಿಕೊಡುತ್ತಿದ್ದೇವೆ ಎಂಬುದು ಬೇರೆ ಯಾರಿಗಿಂತಲೂ ನಮಗೆ ಚೆನ್ನಾಗಿ ಗೊತ್ತು. ಬೈಕಿನ ಹಿಂದಿನ ಸ್ಪ್ರಾಕೆಟ್ಟಿನಲ್ಲಿ ನಾಲ್ಕು ಹಲ್ಲು ಹೆಚ್ಚಾದರೆ ಗಾಲಿಗೆ ಎಳೆತ ಹೆಚ್ಚು, ಮುಂದಿನ ಚಕ್ರ ಸಲೀಸಾಗಿ ಏಳುತ್ತದೆ. ಗಾಲಿ ಎದ್ದ ಗಾಡಿಗೆ ಹ್ಯಾಂಡಲ್ ಇದ್ದೂ ಇಲ್ಲ, ಮುಂದಿನ ಬ್ರೇಕ್ ಇದ್ದೂ ಇಲ್ಲ. ಹೆಡ್‌ಲೈಟು ಆಕಾಶ ನೋಡುತ್ತದೆ. ಎದುರಿಗೆ ಯಾರಿದ್ದಾರೆ ಎಂಬುದು ಗಾಡಿಯ ಮೂತಿಯ ಹಿಂದೆ ಮರೆಯಾಗುತ್ತದೆ. ಉಳಿಯುವುದು ಹಿಂದಿನ ಬ್ರೇಕ್ ಒಂದೇ. ಸ್ಕೂಟರಿನಲ್ಲಿ ಅದು ಎಡಗೈಯ ಎರಡು ಬೆರಳಿನಲ್ಲಿದೆ, ಎಷ್ಟೋ ಹುಡುಗರು ಸ್ಕೂಟರನ್ನು ಆರಿಸಿಕೊಳ್ಳುವುದೂ ಅದಕ್ಕೇ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ಡಬ್ಬಿ ಹಿಡಿದು ರಸ್ತೆ ದಾಟುವ ಹೆಂಗಸಿಗೆ ಅಷ್ಟು ಹೊತ್ತೂ ಸಿಗುವುದಿಲ್ಲ.

ಕಾನೂನು ಇಲ್ಲವೇ? ಇದೆ. ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಮ್ಮನ ಗಾಡಿ ತಂದ ಹುಡುಗನಿಗೆ ನಾನು ಬಾರ್ ಬೆಸೆದಾಗ, ಆ ತಾಯಿಯನ್ನು ಜೈಲಿನ ಬಾಗಿಲಿಗೆ ತಂದು ನಿಲ್ಲಿಸಿದೆ ಎಂಬ ಅರಿವು ನನಗಿರಲಿಲ್ಲ. 2025ರಲ್ಲಿ ನಮ್ಮ ಹೈಕೋರ್ಟ್ ವೀಲಿ ಪ್ರಕರಣದ ಆರೋಪಿಯೊಬ್ಬನಿಗೆ ಜಾಮೀನು ನಿರಾಕರಿಸಿ, ಈ ಪಿಡುಗಿಗೆ ಇನ್ನೂ ಬಿಗಿಯಾದ ಕಾನೂನು ಬೇಕು ಎಂದು ಸರ್ಕಾರಕ್ಕೆ ಹೇಳಿತು. ಬರಲಿ. ಆದರೆ ಕಾನೂನು ಬರುವುದು ಡಬ್ಬಿ ಜಜ್ಜಿದ ಮೇಲೆ.

ಜನರ ಸಿಟ್ಟು ಏನು ಮಾಡುತ್ತದೆ ಎಂಬುದನ್ನೂ ನಮ್ಮ ಪೀಣ್ಯದ ಪಕ್ಕದ ಇದೇ ತುಮಕೂರು ರಸ್ತೆಯಲ್ಲಿ ಕಂಡಿದ್ದೇವೆ. 2024ರ ಆಗಸ್ಟ್ 15. ನೆಲಮಂಗಲದ ಹತ್ತಿರ ಅಡಕಮಾರನಹಳ್ಳಿ ಮೇಲ್ಸೇತುವೆ. ವೀಲಿ ಮಾಡುತ್ತಿದ್ದವರ ಕಾಟಕ್ಕೆ ರೊಚ್ಚಿಗೆದ್ದ ಜನ ಎರಡು ಸ್ಕೂಟರುಗಳನ್ನು ಎತ್ತಿ ಸೇತುವೆಯ ಮೇಲಿಂದ ಕೆಳಗೆ ಎಸೆದರು. ವಿಡಿಯೊ ದೇಶವೆಲ್ಲ ಓಡಾಡಿತು, ಭೇಷ್ ಅಂದವರು ಬಹಳ ಮಂದಿ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗುವನ್ನು ಮುಂದೆ ಕೂರಿಸಿಕೊಂಡು ಹೋಗುವವನ ಪಕ್ಕದಲ್ಲಿ ಹೀಗೊಂದು ಗಾಡಿ ಕಿರುಚಿಕೊಂಡು ನುಗ್ಗಿದರೆ ಯಾರಿಗೆ ಎದೆ ನಡುಗುವುದಿಲ್ಲ? ಆದರೆ ಸೇತುವೆಯ ಕೆಳಗೂ ರಸ್ತೆಯೇ ಇದೆ, ಅಲ್ಲೂ ಜನ ಓಡಾಡುತ್ತಾರೆ. ಆ ಸ್ಕೂಟರುಗಳನ್ನು ಮೇಲಿನಿಂದ ಎಸೆದದ್ದು ಆ ಹುಡುಗರು ಮಾಡಿದ ತಪ್ಪಿನ ಇನ್ನೊಂದು ರೂಪವೇ ಎಂದು ನಾನು ಹೇಳುತ್ತೇನೆ. ಯಾರೂ ಒಪ್ಪದಿದ್ದರೂ ಸರಿ.

ಹುಡುಗರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರ ಕೈಯಲ್ಲಿ ಇರುವುದು ಕಸುಬು. ನೂರು ಕಿಲೋ ಗಾಡಿಯನ್ನು ಒಂದೇ ಗಾಲಿಯ ಮೇಲೆ ತೂಗಿಸುವುದು ಸುಮ್ಮನೆ ಬರುವುದಿಲ್ಲ, ತಿಂಗಳುಗಟ್ಟಲೆ ಬಿದ್ದು ಎದ್ದು ಕಲಿತಿರುತ್ತಾರೆ. ಅಂಥ ಕೈಗೆ ಸರಿಯಾದ ಜಾಗ ಸಿಕ್ಕರೆ ಎಲ್ಲಿಗೆ ಮುಟ್ಟಬಹುದು ನೋಡಿ. ಇದೇ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಾಕಾರ್ ರ‍್ಯಾಲಿ ಎಂಬ ಕಠಿಣ ದೂರದ ಓಟವನ್ನು ಬೈಕಿನಲ್ಲಿ ಮುಗಿಸಿದ ಮೊದಲ ಭಾರತೀಯ. ಇದೇ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕ್ ಓಟದ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಉಡುಪಿಯ ಅರವಿಂದ್ ಕೆ.ಪಿ. ಅವರನ್ನು ಬಿಗ್ ಬಾಸ್‌ನಲ್ಲಿ ನೋಡಿದವರಿಗೆ ಅವರೂ ದಾಕಾರ್ ಮುಗಿಸಿ ಬಂದವರು ಎಂಬುದು ಗೊತ್ತಿರಲಿ. ಸಂತೋಷ್ 2021ರ ದಾಕಾರ್‌ನಲ್ಲಿ ಬಿದ್ದಾಗ ತಲೆಗೆ ಎಂಥ ಪೆಟ್ಟಾಯಿತೆಂದರೆ, ವೈದ್ಯರು ಔಷಧಿ ಕೊಟ್ಟು ಕೋಮಾದಲ್ಲಿ ಇರಿಸಬೇಕಾಯಿತು. ಅವರಿಗೆ ಹೆಲ್ಮೆಟ್ ಇತ್ತು, ಏರ್‌ಬ್ಯಾಗ್ ಜಾಕೆಟ್ ಇತ್ತು, ಹಾರಿ ಬರುವ ಹೆಲಿಕಾಪ್ಟರ್ ಇತ್ತು. ಬದುಕಿ ಬಂದರು. ತುಮಕೂರು ರಸ್ತೆಯ ಎಂಟನೇ ಮೈಲಿಯ ಸರ್ವಿಸ್ ರಸ್ತೆಯಲ್ಲಿ ಚಪ್ಪಲಿ ಹಾಕಿಕೊಂಡು ಗಾಡಿ ಎತ್ತುವ ಹುಡುಗನಿಗೆ ಏನಿದೆ?

ಸಂತೋಷ್ ಕೋಲಾರದ ಕಡೆ ಮಣ್ಣಿನ ಟ್ರ್ಯಾಕ್ ಮಾಡಿ ಕಲಿಸುವ ಜಾಗ ಕಟ್ಟಿದರು. ಪೀಣ್ಯದ ಪಕ್ಕದ ಲಗ್ಗೆರೆಯ ಹುಡುಗ ಅಲ್ಲಿಗೆ ಹೋಗುವುದು ಹೇಗೆ? ಕಾಸು ಎಲ್ಲಿಂದ? ಹಾಗಾಗಿ ಪೀಣ್ಯ ಕೈಗಾರಿಕಾ ಸಂಘದ ಹಿರಿಯರನ್ನು, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡಿನ ಕಂಪನಿಗಳ ದೊಡ್ಡವರನ್ನು ಕೇಳುತ್ತೇನೆ: ಭಾನುವಾರ ನಿಮ್ಮ ಕಾಂಕ್ರೀಟ್ ಅಂಗಳಗಳು ಖಾಲಿ ಬಿದ್ದಿರುತ್ತವೆ. ಒಂದೇ ಒಂದು ಅಂಗಳಕ್ಕೆ ಬೇಲಿ ಹಾಕಿ, ಹೆಲ್ಮೆಟ್ ಇಲ್ಲದವನನ್ನು ಒಳಗೆ ಬಿಡದೆ, ಒಬ್ಬ ತರಬೇತುದಾರನನ್ನು, ಒಂದು ಆಂಬುಲೆನ್ಸನ್ನು ನಿಲ್ಲಿಸಿ. ಟ್ರಾಫಿಕ್ ಪೊಲೀಸರೂ ಬರಲಿ. ಹಿಡಿಯುವುದಕ್ಕಲ್ಲ, ಮೈದಾನದಲ್ಲಿ ಕಲಿತದ್ದು ರಸ್ತೆಗೆ ಬರದಂತೆ ಮಾತಾಡುವುದಕ್ಕೆ.

ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಕೂತು ಕೋಡ್ ಬರೆಯುವ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಹುಡುಗರು ಗಾಡಿ ಎತ್ತುವುದನ್ನು ವಿಡಿಯೊ ಮಾಡಿ ಹಾಕುತ್ತಾರೆ. ಯಾವ ವಿಡಿಯೊ ಯಾರ ಮೊಬೈಲಿನಲ್ಲಿ ಮೇಲೆ ಬರಬೇಕು ಎಂಬುದು ನಿಮ್ಮ ಕಸುಬಿನವರು ಬರೆದ ಲೆಕ್ಕ. ನನ್ನ ವೆಲ್ಡಿಂಗ್ ಹೇಗೋ ಅದೂ ಹಾಗೇ, ಮಾಡಿದ ಕೈಗೆ ಹೊಣೆ ಉಂಟು. ಬರೀ ನೋಡುವವರಾದರೂ ವೀಲಿ ವಿಡಿಯೊದ ಹೃದಯದ ಗುರುತು ಒತ್ತುವ ಮುಂಚೆ ಬೆರಳು ಹಿಂದಕ್ಕೆ ತೆಗೆಯಿರಿ. ಆ ಹುಡುಗ ನನ್ನ ಬಾರಿಗೆ 800 ರೂಪಾಯಿ ಕೊಟ್ಟದ್ದು ನಿಮ್ಮ ಆ ಒಂದು ಬೆರಳಿಗಾಗಿ.

ಪ್ರತಿ ವರ್ಷ ಆಯುಧಪೂಜೆಯ ದಿನ ಲೇಥನ್ನು ತೊಳೆದು, ಅದರ ಚಕ್‌ಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು ಕೈ ಮುಗಿಯುತ್ತೇವೆ. ಗಿರಾಕಿಗಳ ಗಾಡಿಯ ಗಾಲಿಗೆ ನಿಂಬೆಹಣ್ಣು ಇಟ್ಟು, ಅಪಘಾತ ಆಗದಿರಲಪ್ಪಾ ಎಂದು ಬೇಡಿಕೊಳ್ಳುತ್ತೇವೆ. ಮಾರನೆಯ ದಿನ ಅದೇ ಮಷೀನಿನ ಮೇಲೆ ಆ ಸ್ಪ್ರಾಕೆಟ್ ಕೊರೆಯುವುದಾದರೆ ನಾವು ಕೈ ಮುಗಿದದ್ದು ಯಾವುದಕ್ಕೆ?

ಆ ಹುಡುಗನ ಬಾರನ್ನು ಅವತ್ತು ನೇರ ಮಾಡಲಿಲ್ಲ. ಅವನನ್ನು ಕೂರಿಸಿ, ಕಟರ್ ಹಚ್ಚಿ ಕತ್ತರಿಸಿದೆ, 800 ರೂಪಾಯಿ ವಾಪಸ್ ಕೊಟ್ಟೆ. ಅವನು ಮುನಿಸಿಕೊಂಡು ಹೋದ. ಬೇರೆ ಅಂಗಡಿಗೆ ಹೋಗಿರಬಹುದು. ನಮ್ಮ ರಸ್ತೆಯಲ್ಲೇ ಇನ್ನೂ ವೆಲ್ಡಿಂಗ್ ಅಂಗಡಿಗಳಿವೆ. ಅವುಗಳಲ್ಲಿ ನಿಮ್ಮದೂ ಒಂದಾಗಿದ್ದರೆ, ಕೈ ಮುಗಿದು ಕೇಳುತ್ತೇನೆ, ಬೆಸೆದು ಕೊಡಬೇಡಿ.